ಬೆಲ್‌ಫಾಸ್ಟ್‌ನಲ್ಲಿ ಬೆಳೆದವರ ಗುರುತು: ಗಲಭೆ ನಿಂತ ಮೇಲೂ ಉಳಿಯುವುದೇನು?

ಪ್ರಶ್ನೆ (ಬೆಲ್‌ಫಾಸ್ಟ್ ನಿವಾಸಿ ಕನ್ನಡತಿ):

ಎಲ್ಲರಿಗೂ ನಮಸ್ಕಾರ. ಎಪ್ಪತ್ತರ ದಶಕದ ಗಲಭೆಯ ನಡುವೆ ಇದೇ ಊರಿನಲ್ಲಿ, ಉತ್ತರ ಐರ್ಲೆಂಡಿನ ರಾಜಧಾನಿಯಲ್ಲಿ, ಬೆಳೆದ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಬಾಲ್ಯವೂ ಎಲ್ಲರ ಬಾಲ್ಯದಂತೆಯೇ ಇತ್ತೆಂದು ಹೇಳುತ್ತಾರೆ. ಆದರೆ ಹೋಟೆಲಿಗೆ ಹೋದರೆ ಅವರು ಇಂದಿಗೂ ಗೋಡೆಗೆ ಬೆನ್ನು ಹಾಕಿ, ಬಾಗಿಲು ಕಾಣುವ ಕುರ್ಚಿಯಲ್ಲಿಯೇ ಕೂರುತ್ತಾರೆ. ಹೊಸಬರು ಪರಿಚಯವಾದರೆ ಎರಡನೆಯದೋ ಮೂರನೆಯದೋ ಮಾತಿನಲ್ಲಿ ಯಾವ ಶಾಲೆಯಲ್ಲಿ ಓದಿದ್ದೆಂದು ಕೇಳಿಬಿಡುತ್ತಾರೆ. ನಾನು ಕೆಲಸಕ್ಕೆ ಸೇರುವಾಗಲೂ ಪ್ರಾಟೆಸ್ಟೆಂಟ್ ಸಮುದಾಯವೋ, ಕ್ಯಾಥೊಲಿಕ್ ಸಮುದಾಯವೋ, ಎರಡೂ ಅಲ್ಲವೋ ಎಂದು ಗುರುತು ಹಾಕುವ ನಮೂನೆಯೊಂದನ್ನು ತುಂಬಬೇಕಾಯಿತು. ಇಂಥ ಊರಿನಲ್ಲಿ ಬೆಳೆದವರನ್ನು ರೂಪಿಸುವುದು ಅವರು ಕಂಡ ಹಿಂಸೆಯೇ, ಅಥವಾ ಬೇರೇನಾದರೂ ಇದೆಯೇ? ನನ್ನ ಮಗಳು ಇಲ್ಲಿಯೇ ಶಾಲೆಗೆ ಹೋಗಬೇಕಾದವಳು. ಹಾಗಾಗಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಉತ್ತರ 1:

ಮೇಡಂ, ಅರವತ್ತರ ದಶಕದ ಕೊನೆಯಿಂದ 1998ರ ಏಪ್ರಿಲ್‌ನ ಶುಭ ಶುಕ್ರವಾರದ (ಗುಡ್ ಫ್ರೈಡೇ) ಶಾಂತಿ ಒಪ್ಪಂದದವರೆಗೆ, ಬ್ರಿಟನ್ನಿನೊಂದಿಗೇ ಉಳಿಯಬಯಸುವವರು (ಬಹುಪಾಲು ಪ್ರಾಟೆಸ್ಟೆಂಟರು) ಮತ್ತು ಐರ್ಲೆಂಡನ್ನು ಸೇರಬಯಸುವವರ (ಬಹುಪಾಲು ಕ್ಯಾಥೊಲಿಕರು) ನಡುವೆ ನಡೆದ ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಆದರೆ ಆ ಹಿಂಸೆ ಬೆಲ್‌ಫಾಸ್ಟ್‌ನ ಎಲ್ಲ ಬೀದಿಗಳ ಮೇಲೂ ಸಮನಾಗಿ ಎರಗಲಿಲ್ಲ ಎಂಬುದನ್ನು ಹೊರಗಿನವರು ಮರೆಯುತ್ತಾರೆ. ಫಾಲ್ಸ್, ಶಾಂಕಿಲ್, ಆರ್ಡಾಯ್ನ್‌ನಂತಹ ಕೂಲಿಕಾರರ ಬಡಾವಣೆಗಳಲ್ಲಿ ಮನೆಗೊಂದು ಸಾವಿನ ನೆನಪಿದ್ದರೆ, ಮಲೋನ್ ರಸ್ತೆಯ ಅನುಕೂಲಸ್ಥರಿಗೆ ಅದು ಬಹುಪಾಲು ಸಂಜೆಯ ವಾರ್ತೆಯಲ್ಲಿ ನಡೆಯುವ ಸಂಗತಿಯಾಗಿತ್ತು. ಆದ್ದರಿಂದ 'ಬೆಲ್‌ಫಾಸ್ಟ್‌ನಲ್ಲಿ ಬೆಳೆದವರು' ಎಂದು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ನನಗೆ ಹಿಂಜರಿಕೆಯಿದೆ.

ಎಲ್ಲರಿಗೂ ಅಂಟಿದ್ದು ಎದುರಿನವರನ್ನು ಅಳೆಯುವ ಅಭ್ಯಾಸ. ಹೆಸರು, ಮನೆಯಿರುವ ಬೀದಿ, ಬಸ್ ನಿಲ್ದಾಣದಲ್ಲಿ ಕಾಣುವ ಸಮವಸ್ತ್ರ, ಕ್ಯಾಥೊಲಿಕರು ಹೆಚ್ಚಾಗಿ ಆಡುವ ಗೇಲಿಕ್ ಫುಟ್‌ಬಾಲೋ ಪ್ರಾಟೆಸ್ಟೆಂಟರು ಹೆಚ್ಚಾಗಿ ಆಡುವ ರಗ್ಬಿಯೋ ಎಂಬ ಆಟದ ಒಲವು, ಇವೆಲ್ಲವನ್ನೂ ಮಗು ಯಾರೂ ಪಾಠ ಮಾಡದೆಯೇ ಓದಲು ಕಲಿಯುತ್ತದೆ. ಪಾದಚಾರಿ ಮಾರ್ಗದ ಅಂಚುಗಲ್ಲಿಗೆ ಬ್ರಿಟಿಷ್ ಧ್ವಜದ ಕೆಂಪು, ಬಿಳಿ, ನೀಲಿ ಬಳಿದಿದ್ದರೆ ಅದು ಯಾರ ಬೀದಿಯೆಂದು ಕೇಳಬೇಕಾಗಿಯೇ ಇಲ್ಲ. ನೀವು ಹೇಳಿದ ನಮೂನೆ ಉದ್ಯೋಗದಲ್ಲಿ ತಾರತಮ್ಯ ತಡೆಯಲು 1989ರಲ್ಲಿ ಬಂದ ಕಾನೂನಿನ ಫಲ, ಅದರ ಉದ್ದೇಶ ಒಳ್ಳೆಯದೇ. ಆದರೂ ಅದರೊಳಗಿನ ವ್ಯಂಗ್ಯ ನೋಡಿ: ನೌಕರ ಉತ್ತರ ಕೊಡದಿದ್ದರೆ ಅವನು ಓದಿದ ಶಾಲೆಯಂಥ ಸುಳಿವುಗಳಿಂದ ಸಮುದಾಯವನ್ನು ಊಹಿಸಲು ಅವಕಾಶವಿದೆ. ನಿಮ್ಮ ಸಹೋದ್ಯೋಗಿ ಮಾಡುವುದೂ ಅದನ್ನೇ ಅಲ್ಲವೇ?

ಉತ್ತರ 2:

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅಭ್ಯಾಸವೆಂದರೆ ತಾನಾಗಿಯೇ ಸವೆದುಹೋಗುವಂಥದ್ದೆಂದು ಕೇಳಿಸುತ್ತದೆ. ಅದನ್ನು ಕಾಪಾಡುವ ಕಲ್ಲುಗಾರೆಯೂ ಇದೆ. 1969ರಲ್ಲಿ ಎರಡು ಸಮುದಾಯಗಳ ಬಡಾವಣೆಗಳ ನಡುವೆ ತಾತ್ಕಾಲಿಕವೆಂದು ಎದ್ದ 'ಶಾಂತಿ ಗೋಡೆ'ಗಳಲ್ಲಿ ಹಲವು ಇನ್ನೂ ನಿಂತಿವೆ, ಕೆಲವುದರ ಗೇಟುಗಳನ್ನು ರಾತ್ರಿ ಮುಚ್ಚುತ್ತಾರೆ. ಮಕ್ಕಳಲ್ಲಿ ಹೆಚ್ಚಿನವರು ಇಂದಿಗೂ ತಮ್ಮ ಸಮುದಾಯದವರೇ ಬಹುಪಾಲು ಇರುವ ಶಾಲೆಗಳಲ್ಲಿ ಓದುತ್ತಾರೆ. 2021ರ ಏಪ್ರಿಲ್‌ನಲ್ಲಿ ಶಾಂಕಿಲ್ ರಸ್ತೆಯಲ್ಲಿ ಬಸ್ಸಿಗೆ ಬೆಂಕಿ ಬಿದ್ದು, ಅಂಥದೇ ಗೋಡೆಯ ಲಾನಾರ್ಕ್ ವೇ ಗೇಟಿನ ಎರಡೂ ಬದಿಯಿಂದ ಕಲ್ಲು, ಪೆಟ್ರೋಲ್ ಬಾಂಬು ತೂರಿಬಂದಾಗ ಆ ಗುಂಪಿನಲ್ಲಿ ಒಪ್ಪಂದದ ಎಷ್ಟೋ ವರ್ಷಗಳ ನಂತರ ಹುಟ್ಟಿದ ಹುಡುಗರಿದ್ದರು. ಅವರು ಕಂಡಿರದ ಯುದ್ಧವದು, ಆದರೆ ಗೋಡೆಯನ್ನು ಮಾತ್ರ ದಿನವೂ ಕಂಡವರು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಬ್ರಿಟಿಷ್, ಐರಿಷ್, ಅಥವಾ ಎರಡೂ ಎಂದು ಗುರುತಿಸಿಕೊಳ್ಳುವ ಹಕ್ಕನ್ನು ಒಪ್ಪಂದವೇ ಕೊಟ್ಟಿದೆ, ಮತ್ತು 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನ ಸುಮಾರು ಶೇಕಡಾ 20ರಷ್ಟು ಜನ ತಾವು 'ಉತ್ತರ ಐರಿಷ್' ಮಾತ್ರವೆಂದು ಬರೆಸಿದ್ದಾರೆ. ತಾತನ ಕಾಲದ ಎರಡು ಹಣೆಪಟ್ಟಿಗಳಲ್ಲಿ ಒಂದನ್ನು ಅಂಟಿಸಿಕೊಳ್ಳಲೇಬೇಕೆಂಬ ಒತ್ತಾಯ ಅಷ್ಟರಮಟ್ಟಿಗೆ ಸಡಿಲವಾಗಿದೆ.

(ನಾನು ಬೆಳಗಾವಿಯಲ್ಲಿ ಬೆಳೆದವನು. ಅಂಗಡಿಯ ಫಲಕ ನೋಡಿ ಯಾವ ಭಾಷೆಯಲ್ಲಿ ಮಾತು ಶುರುಮಾಡಬೇಕೆಂದು ನಿರ್ಧರಿಸುವ ರೂಢಿ ನನಗೂ ಇದೆ. ಆದರೆ ನಮ್ಮ ಗಡಿ ತಂಟೆಯನ್ನು ಬೆಲ್‌ಫಾಸ್ಟ್‌ನ ಪಕ್ಕಕ್ಕಿಟ್ಟು ತೂಗಲು ನಾನು ಸಿದ್ಧನಿಲ್ಲ.)

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. 2024ರ ಆಗಸ್ಟ್‌ನಲ್ಲಿ ಇಲ್ಲಿ ವಲಸಿಗರ ಅಂಗಡಿಗಳ ಮೇಲೆ ದಾಳಿ ನಡೆದಾಗ ನಾವು ಮಗಳನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ನಮೂನೆಯಲ್ಲಿ 'ಎರಡೂ ಅಲ್ಲ' ಎಂದು ಗುರುತು ಹಾಕಿದ ಮಾತ್ರಕ್ಕೆ ಅವಳು ಈ ಲೆಕ್ಕದಿಂದ ಹೊರಗುಳಿಯುವುದಿಲ್ಲ ಎಂದು ಆಗ ಅನ್ನಿಸಿತು.

ಉತ್ತರ 1:

ಅದು ನಿಜ, ಮತ್ತು ಅವಳ ಆತಂಕ ನಿಮ್ಮ ಸಹೋದ್ಯೋಗಿಯದಕ್ಕಿಂತ ಬೇರೆ ಬಗೆಯದು: ಅವರು ಶಾಲೆಯ ಹೆಸರನ್ನು ಮುಚ್ಚಿಡಬಹುದಿತ್ತು, ಇವಳು ಮೈಬಣ್ಣವನ್ನು ಮುಚ್ಚಿಡಲಾರಳು. ಶಾಲೆಯನ್ನು ಇನ್ನೂ ಆರಿಸಿಲ್ಲವಾದರೆ ಎರಡೂ ಸಮುದಾಯದ ಮಕ್ಕಳನ್ನು ಬೇಕೆಂದೇ ಒಟ್ಟಿಗೆ ಓದಿಸುವ ಶಾಲೆಗಳನ್ನು ನೋಡಿ ಬನ್ನಿ. 1981ರಲ್ಲಿ ಲಗಾನ್ ಕಾಲೇಜು 28 ಮಕ್ಕಳೊಂದಿಗೆ ಆರಂಭಿಸಿದ ಆ ಪದ್ಧತಿಯಲ್ಲಿ ಇಂದಿಗೂ ಹತ್ತರಲ್ಲಿ ಒಂದು ಮಗುವೂ ಓದುತ್ತಿಲ್ಲ, ಹಾಗಾಗಿ ಹತ್ತಿರದಲ್ಲಿ ಜಾಗ ಸಿಗುವುದು ಕಷ್ಟವಾಗಬಹುದು. ಅರ್ಜಿಯ ಗಡುವನ್ನು ಈಗಲೇ ವಿಚಾರಿಸಿಡಿ.