ಅಪ್‌ಡೇಟ್: ಅಂಗಡಿ ಸಾಲ ಮತ್ತು ನನ್ನ ಟರ್ಮ್ ಪಾಲಿಸಿ
ನಾನು ತೀರಿಕೊಂಡರೆ ನನ್ನ ಹಾರ್ಡ್‌ವೇರ್ ಅಂಗಡಿಯ ಸಾಲಕ್ಕೆ ಸಾಲ ಕೊಟ್ಟವರು ವಿಮೆ ಹಣವನ್ನೂ ಹಿಡಿದುಕೊಳ್ಳುತ್ತಾರಾ ಅಂತ ಕೇಳಿದ್ದೆ, ಅಲ್ವಾ? ನೀವು ಹೇಳಿದ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಲ್ಲೇ ದಾರಿ ಸಿಕ್ಕಿತು. ಅದರ 6ನೇ ಸೆಕ್ಷನ್ ಪ್ರಕಾರ, ಗಂಡನು ತನ್ನ ಹೆಂಡತಿ, ಮಕ್ಕಳಿಗಾಗಿ ಮಾಡಿಸಿದ ಪಾಲಿಸಿ ಟ್ರಸ್ಟ್ ಇದ್ದಂತೆ, ಅಂದರೆ ಅವರಿಗಾಗಿಯೇ ಮೀಸಲಿಟ್ಟ ಹಣ. ಸಾಲ ಕೊಟ್ಟವರು ಆ ಹಣ ಮುಟ್ಟುವಂತಿಲ್ಲ. ಸಾಲ ಕೊಟ್ಟವರಿಗೆ ಮೋಸ ಮಾಡಲೆಂದೇ ಮಾಡಿಸಿದ್ದರೆ ಮಾತ್ರ, ಆ ಪಾಲಿಸಿಯ ಹಣದಿಂದ ಅವರು ಸಾಲ ವಸೂಲಿ ಮಾಡಿಕೊಳ್ಳಬಹುದು.

ನನ್ನ ಹಳೇ ಪಾಲಿಸಿಗೆ ಈ ಕಾಯ್ದೆಯ ರಕ್ಷಣೆ ಸೇರಿಸಲು ಆಗುವುದಿಲ್ಲವಂತೆ. ಪಾಲಿಸಿಗೆ ಅರ್ಜಿ ಹಾಕುವಾಗಲೇ ಇದರ ಫಾರ್ಮ್ ತುಂಬಬೇಕು. ಆಗ ಏಜೆಂಟ್ ಒಂದು ಮಾತೂ ಹೇಳಿರಲಿಲ್ಲ, ತುಂಬಾ ಬೇಜಾರಾಯಿತು. ಹೋದ ವಾರ ಈ ಕಾಯ್ದೆಯಡಿ ಹೊಸ ಪಾಲಿಸಿ ಮಾಡಿಸಿದೆ. ಅಮ್ಮನ ಹೆಸರು ಸೇರಿಸಲು ಇದರಲ್ಲಿ ಅವಕಾಶವಿಲ್ಲ, ಅದೊಂದೇ ಕೊರಗು. ಅವರಿಗೆ ಬೇರೆ ಎಫ್‌ಡಿ ಇಟ್ಟಿದ್ದೇನೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.