ಒಂದೇ ಈಜುಕೊಳ, ಹಲವು ಬೇಡಿಕೆ: ನೀರು ಎಷ್ಟು ಬೆಚ್ಚಗಿರಬೇಕು?

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ತೆರೆದ ಈಜುಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳವಿದೆ. ಈಚೆಗೆ 30 ಕಿಲೋವ್ಯಾಟ್ ಶಾಖ ಕೊಡುವ ಹೀಟ್ ಪಂಪ್ ಹಾಕಿಸಿದ್ದೇವೆ. ಬೆಳಿಗ್ಗೆ ವೇಗವಾಗಿ ಈಜುವವರು 26 ಡಿಗ್ರಿ ಸಾಕೆನ್ನುತ್ತಾರೆ. ಸಂಜೆ ಈಜು ಕಲಿಯುವ ಮಕ್ಕಳ ಪೋಷಕರೂ ಮಂಡಿನೋವಿಗೆಂದು ನೀರಿನಲ್ಲಿ ನಡೆಯುವ ಹಿರಿಯರೂ 32 ಬೇಕೆನ್ನುತ್ತಾರೆ. ಹೊತ್ತಿಗೊಂದು ಉಷ್ಣತೆ ಇಡಬಹುದೇ? ಇಲ್ಲವಾದರೆ ಎಷ್ಟಕ್ಕೆ ನಿಲ್ಲಿಸಬೇಕು?

ಉತ್ತರ: ನಮಸ್ಕಾರ. ಹೊತ್ತಿಗೊಂದು ಉಷ್ಣತೆ ಸಾಧ್ಯವಿಲ್ಲ. ನಿಮ್ಮ ಕೊಳದಲ್ಲಿರುವ ಸುಮಾರು 1,08,000 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 125 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಅಂದರೆ ನಿಮ್ಮ ಯಂತ್ರ ಡಿಗ್ರಿಯೊಂದಕ್ಕೆ ನಾಲ್ಕು ಗಂಟೆಗೂ ಹೆಚ್ಚು ಓಡಬೇಕು, ಆರು ಡಿಗ್ರಿಗೆ ಒಂದು ಹಗಲು ಒಂದು ರಾತ್ರಿಯೂ ಸಾಲದು.

ಇನ್ನು, ಎರಡೂ ಕಡೆಯವರ ಬೇಡಿಕೆ ನ್ಯಾಯವಾದದ್ದೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಹೀಗಾಗಿ 26 ಡಿಗ್ರಿಯ ಗಾಳಿ ಹಿತವಾಗಿದ್ದರೂ ಅದೇ ಉಷ್ಣತೆಯ ನೀರಿನಲ್ಲಿ ಸುಮ್ಮನೆ ನಿಂತವರಿಗೆ ಸ್ವಲ್ಪ ಹೊತ್ತಿಗೇ ನಡುಕ ಹತ್ತುತ್ತದೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತೀರ್ಣ ಹೆಚ್ಚಾದ್ದರಿಂದ ಅವರ ತುಟಿ ಬೇಗ ನೀಲಿಗಟ್ಟುತ್ತದೆ, ನೋಯುವ ಕೀಲುಗಳು ತಣ್ಣೀರಿನಲ್ಲಿ ಇನ್ನಷ್ಟು ಬಿಗಿಯುತ್ತವೆ. ರಭಸದಿಂದ ಈಜುವವರ ಸ್ನಾಯುಗಳು ತಾವೇ ಶಾಖ ಹುಟ್ಟಿಸುತ್ತವೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮ 25ರಿಂದ 28 ಡಿಗ್ರಿ ಎಂದಿರುವುದು ಅದಕ್ಕಾಗಿಯೇ. 32 ಡಿಗ್ರಿಯಲ್ಲಿ ಅವರಿಗೆ ಆ ಶಾಖವನ್ನು ಹೊರಹಾಕಲು ಕಷ್ಟವಾಗಿ ಸುಸ್ತು, ತಲೆಸುತ್ತು ಬರಬಹುದು.

ನನ್ನ ಸಲಹೆ 29 ಡಿಗ್ರಿ. ಸ್ಪರ್ಧೆಯ ಮಿತಿಗಿಂತ ಒಂದು ಡಿಗ್ರಿ ಹೆಚ್ಚಾದರೆ ಬೆಳಗಿನವರು ನಡುನಡುವೆ ನೀರು ಕುಡಿದು ಸುಧಾರಿಸಿಕೊಳ್ಳಬಲ್ಲರು. ನಡುಗುತ್ತಿರುವ ಮಗು ಮಾತ್ರ ಏನನ್ನೂ ಕಲಿಯಲಾರದು. ಮಕ್ಕಳ ತರಗತಿ ಅರ್ಧ ಗಂಟೆಗೆ ಮುಗಿಯಲಿ, ಹಿರಿಯರು ನೀರಿನಲ್ಲಿ ನಿಲ್ಲದೆ ನಡೆಯುತ್ತಿರಲಿ. ಫಿಸಿಯೋಥೆರಪಿಗೆ ಬೇಕಾದ 33 ಡಿಗ್ರಿಯ ಆಸುಪಾಸಿನ ನೀರಿಗೆ ಪ್ರತ್ಯೇಕವಾದ ಚಿಕ್ಕ ಕೊಳವೇ ಸರಿ.

ಮರುಪ್ರಶ್ನೆ: ಧನ್ಯವಾದಗಳು ಸರ್. ರಾತ್ರಿಯಿಡೀ ಯಂತ್ರ ಓಡಿ ಪ್ಯಾನೆಲ್ 29 ತೋರಿಸಿದರೂ ಬೆಳಿಗ್ಗೆ ನೀರು ತಣ್ಣಗಿರುತ್ತದಲ್ಲ, ಏಕೆ?

ಉತ್ತರ: ಪ್ಯಾನೆಲ್ ಸಾಮಾನ್ಯವಾಗಿ ಪೈಪಿನೊಳಗಿನ ನೀರನ್ನು ಅಳೆಯುತ್ತದೆ. ಬಿಸಿನೀರು ಬರುವ ಬಾಯಿಯಿಂದ ದೂರದಲ್ಲಿ, ಮೊಳದಷ್ಟು ಆಳಕ್ಕೆ ಥರ್ಮಾಮೀಟರ್ ಇಳಿಬಿಟ್ಟು, ಯಾರೂ ಇಳಿಯುವ ಮೊದಲು ಓದಿ ಬರೆದಿಡಿ.

ತೆರೆದ ಕೊಳದ ಶಾಖದಲ್ಲಿ ಹೆಚ್ಚಿನ ಪಾಲು ಆವಿಯಾಗಿಯೇ ಹೋಗುತ್ತದೆ. ನಿಮ್ಮ 90 ಚದರ ಮೀಟರ್ ಮೇಲ್ಮೈಯಿಂದ ಐದು ಮಿಲಿಮೀಟರ್ ನೀರು ಆವಿಯಾದರೆ ಎರಡು ಡಿಗ್ರಿಗೂ ಹೆಚ್ಚು ಶಾಖ ಹೋದಂತೆ. ಆದ್ದರಿಂದ ಇನ್ನೂ ದೊಡ್ಡ ಯಂತ್ರಕ್ಕೆ ಹಣ ಸುರಿಯುವ ಮೊದಲು ರಾತ್ರಿ ಕೊಳಕ್ಕೆ ಹೊದಿಸುವ, ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ ಕೊಳ್ಳಿ, ಬೆಳಿಗ್ಗೆ ಯಾರಾದರೂ ಇಳಿಯುವ ಮುನ್ನ ಅದನ್ನು ಪೂರ್ತಿಯಾಗಿ ತೆಗೆಸಿ. ಅರ್ಧ ಮುಚ್ಚಿದ ಹಾಳೆಯ ಕೆಳಗೆ ಮಗು ಸಿಲುಕಿದರೆ ಪ್ರಾಣಕ್ಕೇ ಅಪಾಯ. ಹೀಟ್ ಪಂಪ್ ಹೊರಗಿನ ಗಾಳಿಯಿಂದ ಶಾಖ ಪಡೆಯುವುದರಿಂದ ಡಿಸೆಂಬರ್‌ನ ಚಳಿರಾತ್ರಿಗಿಂತ ಮಧ್ಯಾಹ್ನ ಓಡಿಸಿದರೆ ಅದೇ ವಿದ್ಯುತ್ತಿಗೆ ಹೆಚ್ಚು ಶಾಖ ಸಿಗುತ್ತದೆ. ನೀರು ಬೆಚ್ಚಗಾದಷ್ಟೂ ಕ್ಲೋರಿನ್ ಬೇಗ ಖರ್ಚಾಗುವುದರಿಂದ ಇನ್ನು ಮುಂದೆ ಅದರ ಪ್ರಮಾಣವನ್ನೂ ಪಿಎಚ್ ಮಟ್ಟವನ್ನೂ ದಿನಕ್ಕೆರಡು ಬಾರಿ ಪರೀಕ್ಷಿಸಲು ಕೊಳದ ಸಿಬ್ಬಂದಿಗೆ ಹೇಳಿ.