ಅತ್ತು ದ್ವೀಪ, ಮೇ 1943: ಅಷ್ಟೇನೂ ಚಳಿ ಇಲ್ಲದ ಕಡೆ 1,200 ಜನ ಚಳಿಗೆ ಬಿದ್ದಿದ್ದು ಹೇಗೆ?

ಭೂಪಟಪ್ರಿಯ:
ಅಲಾಸ್ಕಾದ ಅಲ್ಯೂಷಿಯನ್ ದ್ವೀಪಸಾಲಿನ ಯುದ್ಧದ ಬಗ್ಗೆ ಓದ್ತಾ ಇದ್ದೀನಿ. ಜಪಾನಿಯರಿಂದ ಅತ್ತು ದ್ವೀಪ ಬಿಡಿಸಿಕೊಳ್ಳುವಾಗ ಅಮೆರಿಕನ್ನರಲ್ಲಿ ಸತ್ತವರು 549, ಗಾಯಗೊಂಡವರು 1,148, ಚಳಿಯಿಂದ ಮಲಗಿದವರು ಸುಮಾರು 1,200. ಆದರೆ ಅದು ಮೇ ತಿಂಗಳು, ಸಿಯಾಚಿನ್ ಥರದ ಚಳಿ ಅಲ್ಲವೇ ಅಲ್ಲ. ಗುಂಡಿಗಿಂತ ಚಳಿಯೇ ಹೆಚ್ಚು ಜನರನ್ನು ಬೀಳಿಸಿದ್ದು ಹೇಗೆ?

ಹಳೇ ಕಂದಕ:
ಮೊದಲು ಲೆಕ್ಕ ಸರಿ ಮಾಡ್ಕೊಳ್ಳಿ. ಸತ್ತವರನ್ನೂ ಸೇರಿಸಿದರೆ ಗುಂಡೇ ಮುಂದೆ. ಗಾಯಾಳುಗಳನ್ನಷ್ಟೇ ಹಿಡಿದರೆ ನೀವು ಹೇಳಿದ್ದು ಸರಿ.

ಸಿಯಾಚಿನ್‌ನಲ್ಲಿ ಆಗೋದು ಹಿಮಕಡಿತ, ಅಂದರೆ ಮಾಂಸವೇ ಹೆಪ್ಪುಗಟ್ಟೋದು. ಅತ್ತುವಿನಲ್ಲಿ ಹೆಚ್ಚಾಗಿ ಕಾಡಿದ್ದು ಟ್ರೆಂಚ್ ಫುಟ್. ಅದಕ್ಕೆ ಸೊನ್ನೆ ಡಿಗ್ರಿಗೆ ಇಳಿಯಬೇಕಿಲ್ಲ, ಹತ್ತು ಡಿಗ್ರಿಯಲ್ಲೂ ಬರುತ್ತೆ. ಪಾದ ಒದ್ದೆಯಲ್ಲೇ ದಿನಗಟ್ಟಲೆ ಇದ್ದರೆ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಪಾದ ಮರಗಟ್ಟುತ್ತೆ, ಆಮೇಲೆ ಊದಿಕೊಂಡು ಕಪ್ಪಾಗುತ್ತೆ. ನಮ್ಮ ಗದ್ದೆಯ ಕೆಸರುಹುಣ್ಣು ಚರ್ಮದ ಮೇಲಿನ ಕಾಟ. ಇದು ಒಳಗಿನ ನರ, ಮಾಂಸವನ್ನೇ ಕೊಲ್ಲುತ್ತೆ.

ತಪ್ಪಾಗಿದ್ದು ಬೂಟಿನಲ್ಲಿ. ಅಲ್ಲಿ ಇಳಿದ ಅಮೆರಿಕದ 7ನೇ ಡಿವಿಷನ್‌ಗೆ ತರಬೇತಿ ಆಗಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ ಮರುಭೂಮಿ ಯುದ್ಧಕ್ಕೆ. ಕಾಲಿಗೆ ಎತ್ತರದ ಚರ್ಮದ ಬೂಟು. ಚರ್ಮ ನೀರು ಕುಡಿಯುತ್ತೆ, ಒಣಗೋದಿಲ್ಲ. ಲೇಸ್ ಬಿಗಿದಷ್ಟೂ ರಕ್ತದ ಓಟ ಕಮ್ಮಿ. ಗುಂಡಿ ತೋಡಿ ಕೂತರೆ ಅದರಲ್ಲೂ ನೀರು ತುಂಬುತ್ತೆ. ಮೂರು ದಿನದ ಕೆಲಸ ಅಂದುಕೊಂಡಿದ್ದು ಮೇ 11ರಿಂದ 30ರವರೆಗೆ ಎಳೆಯಿತು. ದಿನಕ್ಕೊಮ್ಮೆ ಬೂಟು ಬಿಚ್ಚಿ, ಪಾದ ಒರೆಸಿ, ಒಣಗಿದ ಕಾಲುಚೀಲ ಹಾಕಿಕೊಂಡಿದ್ದರೆ ಬಹುಪಾಲು ತಪ್ಪುತ್ತಿತ್ತು. ಒಣಗಿದ ಕಾಲುಚೀಲ ಎಲ್ಲಿತ್ತು?

ದಿಕ್ಸೂಚಿ:
ಅದಕ್ಕೆ ಉತ್ತರ ನೆಲದಲ್ಲಿದೆ. ಮೇಲೆ ಹುಲ್ಲು, ಪಾಚಿಯ ಹೊದಿಕೆ, ಕೆಳಗೆ ನೀರು ಕುಡಿದ ಕೊಳೆಮಣ್ಣು. ಮನುಷ್ಯ ನಡೆದರೆ ತಡೆಯುತ್ತೆ. ಟ್ರ್ಯಾಕ್ಟರ್ ಹೋದರೆ ಹೊದಿಕೆ ಹರಿಯುತ್ತೆ, ಹಿಂದೆ ಬಂದದ್ದೆಲ್ಲ ಅದೇ ಜಾಡಿನಲ್ಲಿ ಹೂತುಕೊಳ್ಳುತ್ತೆ. ತೋಪುಗಳೂ ದಡದ ಹತ್ತಿರವೇ ನಿಂತವು. ಊಟ, ಮದ್ದುಗುಂಡು ಎಲ್ಲವೂ ಬೆನ್ನ ಮೇಲೆ. ಹೊರೋಕೇ ಅಷ್ಟು ಜನ ಬೇಕಾದಾಗ ಕಾಲುಚೀಲ ಕೊನೆಯ ಸಾಲಿಗೆ.

ಮಂಜನ್ನೂ ಸೇರಿಸಿ. ಜಪಾನಿ ಸೇನಾಧಿಕಾರಿ ಯಮಸಾಕಿಯ ಸೈನಿಕರು ಬೆಟ್ಟದ ಮೇಲೆ, ಮಂಜಿನ ಅಂಚಿನಲ್ಲಿ ಕೂತಿದ್ದರು. ಅವರಿಗೆ ಕೆಳಗಿನ ಕಣಿವೆ ಕಾಣುತ್ತಿತ್ತು, ಕೆಳಗಿನವರಿಗೆ ಅವರು ಕಾಣುತ್ತಿರಲಿಲ್ಲ. ಹಾಗಾಗಿ ಕಾಲಾಳುಗಳು ಒದ್ದೆ ಗುಂಡಿಯಿಂದ ಅಲುಗಾಡೋಕೇ ಆಗಲಿಲ್ಲ.

ಇದೇ ನೆಲದ ಮೇಲೆ ವಿಮಾನ ಇಳಿಸಿದ್ದು ಹೇಗೆ ಅನ್ನೋದು ಇನ್ನೂ ಸ್ವಾರಸ್ಯ. 1942ರ ಆಗಸ್ಟ್ ಕೊನೆಗೆ ಇದೇ ಸಾಲಿನ ಇನ್ನೊಂದು ದ್ವೀಪ ಅಡಾಕ್‌ಗೆ ಬಂದ ಇಂಜಿನಿಯರ್‌ಗಳು ಜೌಗಿನ ತಂಟೆಗೇ ಹೋಗಲಿಲ್ಲ. ಸಮುದ್ರದ ನೀರು ಉಕ್ಕಿ ಬರುವ ಹಿನ್ನೀರಿಗೆ ಒಡ್ಡು ಕಟ್ಟಿ, ನೀರು ಬಸಿದು, ತಳದ ಗಟ್ಟಿ ಮರಳಿನ ಮೇಲೆ ತೂತಿನ ಉಕ್ಕಿನ ಹಲಗೆ ಜೋಡಿಸಿದರು. ಒಂದೊಂದು ಹಲಗೆ 10 ಅಡಿ ಉದ್ದ, 15 ಇಂಚು ಅಗಲ, ಸುಮಾರು 30 ಕಿಲೋ. ಸೆಪ್ಟೆಂಬರ್ ಮಧ್ಯಕ್ಕೆ ಅಲ್ಲಿಂದ, ಜಪಾನಿಯರ ಕೈಲಿದ್ದ ಕಿಸ್ಕಾ ದ್ವೀಪದ ಮೇಲೆ ವಿಮಾನ ದಾಳಿ ಶುರು.

ಭೂಪಟಪ್ರಿಯ:
ಅರ್ಥ ಆಯ್ತು, ಇಬ್ಬರಿಗೂ ಥ್ಯಾಂಕ್ಸ್. ಕಿಸ್ಕಾ ಅಂದಿರಲ್ಲ, ಅಲ್ಲಿಂದ ಐದು ಸಾವಿರ ಜಪಾನಿಯರು ಯಾರ ಕಣ್ಣಿಗೂ ಬೀಳದೆ ಜಾಗ ಖಾಲಿ ಮಾಡಿದ್ದು ನಿಜವಾ? ರಾಡಾರ್ ಇತ್ತಲ್ಲ?

ಹಳೇ ಕಂದಕ:
ನಿಜ. 5,183 ಜನ, ಒಂದು ಗಂಟೆಯೊಳಗೆ. ಜಪಾನಿ ನೌಕಾಧಿಕಾರಿ ಕಿಮುರಾ 1943ರ ಜುಲೈ ಮಧ್ಯದಲ್ಲೊಮ್ಮೆ ಹತ್ತಿರ ಬಂದು, ಮಂಜು ಸಾಲದು ಅಂತ ವಾಪಸ್ ಹೋಗಿದ್ದ. ನನ್ನ ಪ್ರಕಾರ ಇಡೀ ಕಾರ್ಯಾಚರಣೆಯಲ್ಲಿ ಅದೇ ಅತಿ ಜಾಣ ನಿರ್ಧಾರ. ಎರಡನೇ ಸಲ ದೋಣಿಗಳಲ್ಲಿ ಜನರನ್ನು ತಂದು, ರೈಫಲ್‌ಗಳನ್ನು ಸಮುದ್ರಕ್ಕೆ ಎಸೆಸಿ, ಹಡಗು ಹತ್ತಿಸಿದರು.

ರಾಡಾರ್ ಇದ್ದದ್ದೇ ಅವರಿಗೆ ಅನುಕೂಲ ಆಯ್ತು! ಜುಲೈ 26ರ ರಾತ್ರಿ ಅಮೆರಿಕನ್ ಹಡಗುಗಳು ಪರದೆಯ ಮೇಲೆ ಕಂಡ ಚುಕ್ಕಿಗಳತ್ತ 14 ಇಂಚಿನ 518 ಶೆಲ್, 8 ಇಂಚಿನ 487 ಶೆಲ್ ಹಾರಿಸಿದವು. ಅಲ್ಲಿ ಹಡಗೇ ಇರಲಿಲ್ಲ. ದೂರದ ಬೆಟ್ಟಗಳ ಪ್ರತಿಧ್ವನಿ ಅಂತ ಕೆಲವರು, ಕಡಲಹಕ್ಕಿಗಳ ಹಿಂಡು ಅಂತ ಕೆಲವರು. ಆಮೇಲೆ ಇಂಧನ ತುಂಬಿಸಿಕೊಳ್ಳೋಕೆ ಅವು ಪಹರೆ ಬಿಟ್ಟು ಹೋದದ್ದು 28ಕ್ಕೆ, ಕಿಮುರಾ ಒಳಗೆ ಬಂದ ದಿನವೇ.

ದಿಕ್ಸೂಚಿ:
ಮುಂದಿನ ಎರಡು ವಾರ ಅಮೆರಿಕನ್ನರು ವಿಮಾನದಿಂದ ತೆಗೆದ ಕಿಸ್ಕಾ ಫೋಟೋಗಳಲ್ಲಿ ಲಾರಿಗಳು ನಿಂತಲ್ಲೇ ನಿಂತಿದ್ದವು, ಬಾಂಬಿನ ಗುಂಡಿ ಮುಚ್ಚುವವರೂ ಇರಲಿಲ್ಲ. ಅತ್ತುವಿನ ಅನುಭವದಿಂದಾಗಿ ಅದನ್ನು ಹೊಂಚು ಅಂತಲೇ ಓದಿಕೊಂಡು, ಆಗಸ್ಟ್ 15ರಂದು 34,000ಕ್ಕೂ ಹೆಚ್ಚು ಅಮೆರಿಕನ್, ಕೆನಡಾ ಸೈನಿಕರನ್ನು ಇಳಿಸಿದರು. ಮಂಜಿನಲ್ಲಿ ತಮ್ಮವರ ಮೇಲೇ ಗುಂಡು ಹಾರಿಸಿ ಸತ್ತವರಿದ್ದಾರೆ. 18ರಂದು ಆಬ್ನರ್ ರೀಡ್ ಹಡಗಿನ ಹಿಂಭಾಗ ಮೈನ್‌ಗೆ ಸಿಕ್ಕಿ ಸುಮಾರು 70 ನಾವಿಕರು ಹೋದರು. ಮುರಿದುಬಿದ್ದ ಆ ತುಂಡು ಸಮುದ್ರದ ತಳದಲ್ಲಿ ಸಿಕ್ಕಿದ್ದು 2018ರಲ್ಲಿ.

ಓದುವಾಗ ಒಂದು ಎಚ್ಚರ: ಜಪಾನಿ ಬರಹಗಳಲ್ಲಿ ಕಿಸ್ಕಾ ತೆರವಿನ ದಿನ ಜುಲೈ 29 ಅಂತಿರುತ್ತೆ. ತಪ್ಪಲ್ಲ, ದಿನರೇಖೆಯ ಆಚೆಗಿನ ಕ್ಯಾಲೆಂಡರ್ ಅದು.